ಗುಮಾಸ್ತನ ಹಿಂದೆ ಒಂದು ಸೌಟು

“ಮೂವತ್ತೆರಡು ಸಾವಿರ ಪುಸ್ತಕಗಳನ್ನ ಹಿಡಿತದಲ್ಲಿ ಇಟ್ಕೊಂಡಿರೋನಿಗೆ ಒಂದು ನಾಯಿಯ ಮೂರು ಚಮಚ ಮೂತ್ರ ಹಿಡಿಯೋದು ಯಾವ ಮಹಾ ಕೆಲಸ!”

ಗ್ರಂಥಪಾಲಕರ ಮನೆಯಲ್ಲಿ ಬೆಳಗ್ಗೆ ಏಳು ಗಂಟೆಗೆ ಈ ಘೋಷಣೆ ಹೊರಬಿತ್ತು. ಹಲ್ಲುಜ್ಜುವ ಬ್ರಷ್ಷು ರಾಜದಂಡದಂತೆ ಮೇಲೆದ್ದಿತ್ತು. ಪೇಸ್ಟಿನ ನೊರೆ ಗಲ್ಲದಿಂದ ಬನಿಯನ್ನಿಗೆ ಇಳಿಯುತ್ತಿತ್ತು. ಅವತ್ತು ಗ್ರಂಥಾಲಯಕ್ಕೆ ವಾರದ ರಜೆ. ಅಧಿಕಾರ ಚಲಾಯಿಸಲು ಅವರಿಗೆ ಮನೆಯೊಂದೇ ಉಳಿದಿತ್ತು.

ಘೋಷಣೆ ಕೇಳಿಸಿಕೊಳ್ಳಲು ಇದ್ದವರು ಮೂವರು: ಹೆಂಡತಿ, ಅತ್ತೆ ಮತ್ತು ನಾಯಿ. ಹೆಂಡತಿ ರೈಲು ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೂತವಳು. ದಿನಕ್ಕೆ ಸಾವಿರ ಪ್ರಶ್ನೆ ಕೇಳಿಸಿಕೊಂಡು ಒಂದೊಂದಕ್ಕೂ ಮೂರೇ ಪದದಲ್ಲಿ ಉತ್ತರ ಕೊಟ್ಟು ರೂಢಿಯಾಗಿದ್ದ ಆಕೆ, ಮನೆಯಲ್ಲೂ ನಾಲ್ಕನೆಯ ಪದಕ್ಕೆ ಕೈ ಹಾಕುತ್ತಿದ್ದುದು ಅಪರೂಪ.

“ಹಿಡೀರಿ, ನೋಡೋಣ,” ಎಂದಳು.

ಆಗಷ್ಟೇ ನೆಲ ಒರೆಸುವಾಗ ಬಾಗಿಲ ಹತ್ತಿರ ಕಂಡ ನಾಲ್ಕು ಗುಲಾಬಿ ಹನಿಗಳನ್ನು ಎಲ್ಲರನ್ನೂ ಕರೆದು ತೋರಿಸಿದ್ದು ಅತ್ತೆಯೇ. ನಾಯಿಯ ಮೂತ್ರದಲ್ಲಿ ರಕ್ತ! ಹೆಂಡತಿ ಅಲ್ಲೇ ನಿಂತು ಪಶುವೈದ್ಯೆಗೆ ಫೋನ್ ಮಾಡಿದ್ದಳು. ವೈದ್ಯೆ ಸ್ಪಷ್ಟವಾಗಿ ಹೇಳಿದ್ದರು: “ಹನ್ನೊಂದಕ್ಕೆ ನಾನು ಆಪರೇಷನ್ನಿಗೆ ಹೋಗ್ತೀನಿ, ಅದಕ್ಕೆ ಮುಂಚೆ ಕರ್ಕೊಂಡು ಬನ್ನಿ. ಸಿಕ್ಕಿದರೆ ಒಂದು ಚಿಕ್ಕ ಬಾಟಲಿಯಲ್ಲಿ ಮೂತ್ರ ತನ್ನಿ, ನೆಲದಿಂದ ಎತ್ತಿದ್ದು ಬೇಡ. ಪೂರ್ತಿ ಕಟ್ಟಿಹೋದ ಹಾಗೆ ಕಂಡರೆ ಮಾತ್ರ ಒಂದು ನಿಮಿಷಾನೂ ಕಾಯಬೇಡಿ.”

ಹೆಂಡತಿ ಇಷ್ಟನ್ನೂ ಅಕ್ಷರ ಬಿಡದೆ ಒಪ್ಪಿಸಿದ್ದಳು. ಗ್ರಂಥಪಾಲಕರ ಕಿವಿಗೆ ಇಳಿದದ್ದು ‘ಬಾಟಲಿ’ ಎಂಬ ಒಂದೇ ಪದ.

ನಾಯಿಯ ಹೆಸರು ಗುಮಾಸ್ತ. ಒಂಬತ್ತು ವರ್ಷದ ಹಿಂದೆ, ಯಾರೋ ಪುಣ್ಯಾತ್ಮರು ಗ್ರಂಥಾಲಯಕ್ಕೆ ದಾನ ಕೊಟ್ಟ ಹಳೇ ಪುಸ್ತಕಗಳ ಪೆಟ್ಟಿಗೆ ತೆರೆದಾಗ, ಒಂದು ಅರ್ಧ ತಿಂದ ನಿಘಂಟಿನ ಮೇಲೆ ಮಲಗಿದ್ದ ಮರಿ ಅದು. ಗಿಡ್ಡ ಕಾಲು, ಉದ್ದ ಹೊಟ್ಟೆ, ಕಣ್ಣಿನ ಸುತ್ತ ಕನ್ನಡಕದಂಥ ಕಪ್ಪು ಉಂಗುರ. ಗೇಟಿನ ಬಳಿ ಕೂತು, ಬಂದವರನ್ನೆಲ್ಲ ‘ಅರ್ಜಿ ತಂದಿದ್ದೀರಾ?’ ಎನ್ನುವಂತೆ ನೋಡುತ್ತಿದ್ದುದರಿಂದ ಆ ಹೆಸರು ಬಿತ್ತು. ಈ ಗುಮಾಸ್ತ ಅವತ್ತು ಮೇಜಿನ ಕೆಳಗೆ ಮುದುಡಿಕೊಂಡು ಯಾರ ಅರ್ಜಿಯನ್ನೂ ನೋಡುತ್ತಿರಲಿಲ್ಲ. ಅದನ್ನು ಕಂಡು ಗ್ರಂಥಪಾಲಕರ ಎದೆ ಹಿಂಡಿದಂತಾಗಿತ್ತು. ಎದೆ ಹಿಂಡಿದಾಗಲೆಲ್ಲ ಜೋರಾಗಿ ಮಾತಾಡುವುದು ಅವರ ಜಾಯಮಾನ.

“ಮೂತ್ರಕ್ಕೂ ಒಂದು ಸೂತ್ರ ಇದೆ ಕಣೇ!” ಎಂದು ಅವರು ಬಾಯಿ ತೊಳೆದು ಕೆಲಸಕ್ಕಿಳಿದರು. “ಮೊದಲು ಪಾತ್ರೆ, ಆಮೇಲೆ ಶುದ್ಧೀಕರಣ, ಆಮೇಲೆ ಚೀಟಿ, ಕೊನೇಲಿ ಸಂಗ್ರಹ!”

ಅತ್ತೆಯ ಕೆಮ್ಮಿನ ಔಷಧಿಯ ಬಾಟಲಿ ಖಾಲಿಯಾಗಿರಲಿಲ್ಲ. “ಅಳಿಯಂದ್ರೇ, ಅದರಲ್ಲಿ ಇನ್ನೂ ಎರಡು ಹೊತ್ತಿಂದು ಇದೆ!” ಎಂದು ಅತ್ತೆ ಕೂಗುವಷ್ಟರಲ್ಲಿ ಔಷಧಿ ಸಿಂಕಿಗೆ ಇಳಿದು, ಬಾಟಲಿ ಕುದಿಯುವ ನೀರಿಗೆ ಇಳಿದಿತ್ತು. ಅದರ ಪಕ್ಕದಲ್ಲೇ, ಅಡುಗೆಮನೆಯಲ್ಲಿದ್ದ ಸೌಟುಗಳಲ್ಲೆಲ್ಲ ಅತ್ಯುತ್ತಮವಾದ ಹೊಸ ಸ್ಟೀಲ್ ಸೌಟೂ ಕುದಿಯತೊಡಗಿತು.

ಹೆಂಡತಿ ಬಂದು ನೋಡಿದಳು. “ಹಳೇದು ಇತ್ತು.”

“ಹಳೇದಕ್ಕೆ ಹಿಡಿ ಅಲ್ಲಾಡುತ್ತೆ. ಇದು ವೈಜ್ಞಾನಿಕ ಸಂಗ್ರಹ ಕಣೇ!”

“ಇನ್ಮೇಲೆ ಅಡುಗೆಗೆ?”

ಅದು ಎರಡೇ ಪದದ ಪ್ರಶ್ನೆ. ಗ್ರಂಥಪಾಲಕರು ಚೀಟಿ ಬರೆಯಲು ಕೂತರು. ಗ್ರಂಥಾಲಯದ ಕಾರ್ಡಿನ ಮಾದರಿಯಲ್ಲಿ, ದುಂಡಗಿನ ಅಕ್ಷರದಲ್ಲಿ: ‘ಕರ್ತೃ: ಗುಮಾಸ್ತ. ವಿಷಯ: ಮೂತ್ರ. ಆವೃತ್ತಿ: ಬೆಳಗಿನದು. ಪ್ರತಿಗಳು: ಒಂದು.’ ಬಾಟಲಿಗೆ ಚೀಟಿ ಅಂಟಿತು. ಒಳಗೆ ತುಂಬಬೇಕಾದ ಸರಕೊಂದು ಬಾಕಿ!

ಎಂಟು ಗಂಟೆಗೆ ಹಿತ್ತಿಲಲ್ಲಿ ಮೊದಲ ಪ್ರಯತ್ನ ನಡೆಯಿತು. ಗುಮಾಸ್ತ ಗೋಡೆಯ ಮೂಲೆಗೆ ಹೋಗಿ ಮೂಸಿ, ಬಲಗಾಲು ಎತ್ತಿದ. ಗ್ರಂಥಪಾಲಕರು ಕುಕ್ಕುರುಗಾಲಿನಲ್ಲಿ ಹಾರಿ ಸೌಟು ಚಾಚಿದರು. ತಣ್ಣನೆಯ ಸ್ಟೀಲು ಹೊಟ್ಟೆಗೆ ತಾಗಿದ್ದೇ ತಡ, ಎತ್ತಿದ ಕಾಲು ಇಳಿಯಿತು. ಓದುತ್ತಾ ಕೂತವನ ಹೆಗಲ ಮೇಲಿಂದ ಯಾರೋ ಇಣುಕಿದರೆ ತಿರುಗಿ ನೋಡುತ್ತಾನಲ್ಲ, ಹಾಗೆ ನೋಡಿತು ನಾಯಿ. ಇನ್ನೊಂದು ಮೂಲೆಗೆ ಹೋಯಿತು. ಸೌಟೂ ಹೋಯಿತು. ಮತ್ತೆ ಕಾಲು ಇಳಿಯಿತು. ಹೀಗೆ ಹಿತ್ತಿಲಿಗೆ ಹನ್ನೊಂದು ಸುತ್ತು! ಹನ್ನೆರಡನೆಯ ಸುತ್ತಿಗೆ ಗ್ರಂಥಪಾಲಕರ ಮೊಣಕಾಲು ‘ಟಕ್’ ಎಂದಿತು. ಸೌಟು ಒಣಗಿಯೇ ಇತ್ತು.

“ನಮಗೇನು ಧಾರಾವಾಹಿ ಬೇಕಾಗಿಲ್ಲ ಮಹಾರಾಯ, ಒಂದೇ ಒಂದು ಕಂತು ಸಾಕು!” ಎಂದು ಅವರು ಗುಮಾಸ್ತನ ಮುಂದೆ ಕೈ ಮುಗಿದರು.

“ನೀವು ಹತ್ತಿರ ಇದ್ದರೆ ಅವನಿಗೆ ನಾಚಿಕೆ,” ಎಂದರು ಅತ್ತೆ, ಅಡುಗೆಮನೆಯ ಕಿಟಕಿಯಿಂದ.

“ಹಾಗಾದರೆ ದೂರದಿಂದ ಹಿಡಿಯೋಣ!”

ದೂರದಿಂದ ಹಿಡಿಯಲು ಉದ್ದನೆಯ ಕೋಲು ಬೇಕು. ಮನೆಯಲ್ಲಿ ಉದ್ದನೆಯ ಕೋಲೆಂದರೆ ನಡುಮನೆಯ ಕಿಟಕಿಯ ಪರದೆಯ ಸರಳು. ಅದನ್ನು ಕೀಳಲು ಕುರ್ಚಿ ಹತ್ತಿದರು. ಸರಳು ಒಂದು ಕಡೆ ಕಳಚಿತು, ಇನ್ನೊಂದು ಕಡೆ ಕಳಚಲಿಲ್ಲ. ಜಗ್ಗಿದರು. ಸರಳು, ಪರದೆ, ಗೋಡೆಯ ಒಂದು ಹಿಡಿ ಗಾರೆ ಮತ್ತು ಗ್ರಂಥಪಾಲಕರು ಒಟ್ಟಿಗೇ ಕೆಳಗೆ ಬಂದರು. ಪರದೆಯೊಳಗೆ ಸುತ್ತಿಕೊಂಡು ಕೈಕಾಲು ಬಡಿಯುತ್ತಿದ್ದ ಗಂಡನನ್ನು ಹೆಂಡತಿ ಬಿಚ್ಚಿದಳು.

“ಪೆಟ್ಟಾಯ್ತಾ?”

“ಸರಳಿಗೆ ಏನೂ ಆಗಿಲ್ಲ!” ಎಂದರು ಗ್ರಂಥಪಾಲಕರು ವಿಜಯೋತ್ಸಾಹದಿಂದ.

ಸೌಟನ್ನು ಸರಳಿನ ತುದಿಗೆ ಹಗ್ಗದಿಂದ ಬಿಗಿದರು. ಆರಡಿ ಉದ್ದದ ಆಯುಧ ಸಿದ್ಧವಾಯಿತು. ಆದರೆ ಆಯುಧ ಸಿದ್ಧವಾದಾಗ ಎದುರಾಳಿ ಮೇಜಿನ ಕೆಳಗೆ ಸೇರಿಯಾಗಿತ್ತು.

“ಅವನು ನೀರೇ ಕುಡಿದಿಲ್ಲ ಅಳಿಯಂದ್ರೇ. ಒಳಗೆ ಹೋಗದೆ ಹೊರಗೆ ಹೇಗೆ ಬಂದೀತು?” ಎಂದರು ಅತ್ತೆ.

ಅದು ನ್ಯಾಯವಾದ ಮಾತು. ಬಟ್ಟಲಲ್ಲಿ ನೀರಿಟ್ಟರೆ ಗುಮಾಸ್ತ ಮುಖ ತಿರುಗಿಸಿದ. ಗ್ರಂಥಪಾಲಕರು ನೆಲದ ಮೇಲೆ ಮಂಡಿಯೂರಿ, ಮಗುವಿಗೆ ತೋರಿಸುವಂತೆ, “ನೋಡು ಮರಿ, ಅಪ್ಪ ಹೇಗೆ ಕುಡಿತಾರೆ! ಆಹಾ! ಏನು ರುಚಿ!” ಎಂದು ಒಂದು ಲೋಟ ನೀರು ಗಟಗಟನೆ ಕುಡಿದರು. ನಾಯಿ ಆಸಕ್ತಿಯಿಂದ ನೋಡಿತು. ಉತ್ತೇಜನಗೊಂಡು ಇನ್ನೊಂದು ಲೋಟ. ನಾಯಿ ಕಿವಿ ನಿಮಿರಿಸಿತು. ಮೂರನೆಯದು. ನಾಲ್ಕನೆಯ ಲೋಟ ಮುಗಿಯುವ ಹೊತ್ತಿಗೆ ಗುಮಾಸ್ತನಿಗೆ ಅಯ್ಯೋ ಅನ್ನಿಸಿತೋ ಏನೋ, ಬಟ್ಟಲಿಗೆ ಬಾಯಿ ಹಾಕಿ ನಾಲ್ಕು ಗುಟುಕು ನೆಕ್ಕಿದ. ಅಪ್ಪನಿಗೆ ನಾಲ್ಕು ಲೋಟ, ಮಗನಿಗೆ ನಾಲ್ಕು ಗುಟುಕು!

ಒಂಬತ್ತೂವರೆಯಾಯಿತು. ಹೆಂಡತಿ ಹತ್ತೂವರೆಗೆ ಟ್ಯಾಕ್ಸಿಗೆ ಹೇಳಿದಳು. “ಸಿಕ್ಕಲಿ, ಬಿಡಲಿ. ಹೊರಡೋದೇ,” ಎಂದಳು. ಆಮೇಲೆ, ತನ್ನ ಮೂರು ಪದದ ಮಿತಿಯನ್ನು ಮೀರಿ, ದನಿ ತಗ್ಗಿಸಿ ಕೇಳಿದಳು: “ರೀ, ನಿಜವಾಗ್ಲೂ ನಾಚಿಕೇನೇನಾ? ಅಥವಾ ಕಟ್ಟಿಹೋಗಿದೆಯಾ?”

ಗ್ರಂಥಪಾಲಕರ ಕೈಯಲ್ಲಿದ್ದ ಆಯುಧ ಕೆಳಗಿಳಿಯಿತು. ಆ ಪ್ರಶ್ನೆಯನ್ನು ಅವರು ಹಿತ್ತಿಲಿನ ಹನ್ನೆರಡು ಸುತ್ತಿನಲ್ಲೂ ಒಳಗೊಳಗೇ ಒತ್ತಿ ಹಿಡಿದಿದ್ದರು. ಇಷ್ಟು ಹೊತ್ತೂ ತಾನು ಸೌಟು ಹಿಡಿದು ಅಡ್ಡ ಬಂದದ್ದಕ್ಕೆ ನಾಯಿ ಮಾಡಲಿಲ್ಲವೋ, ಮಾಡಲು ಅದಕ್ಕೆ ಆಗುತ್ತಲೇ ಇಲ್ಲವೋ? ಗೊತ್ತಾಗುವುದು ಹೇಗೆ? ಗುಮಾಸ್ತ ಮೇಜಿನ ಕೆಳಗಿಂದ ಎದ್ದು ಬಂದು ಅವರ ಮೊಣಕಾಲಿಗೆ ತಲೆ ಒರಗಿಸಿದ. ಮೂಗು ಒಣಗಿತ್ತು.

“ಬೀದಿಗೆ ಕರ್ಕೊಂಡು ಹೋಗ್ತೀನಿ,” ಎಂದರು ಅವರು, ಮೊದಲ ಬಾರಿಗೆ ಮೆಲ್ಲಗೆ.

ಬೀದಿಯಲ್ಲಿ ಗುಮಾಸ್ತ ಹಗ್ಗ ಜಗ್ಗುತ್ತಾ ನೆಟ್ಟಗೆ ಹೋದದ್ದು ಪಕ್ಕದ ಮನೆಯ ಮುಂದಕ್ಕೆ. ಅಲ್ಲಿ ಗೇಟಿನ ಎಡಗಡೆ, ಗೋಡೆಗೆ ಒತ್ತಿದಂತೆ ಒಂದು ಖಾಲಿ ಜಾಗವಿತ್ತು. ನಾಯಿ ಆ ಜಾಗವನ್ನು ಮೂಸಿತು. ಸುತ್ತು ಹಾಕಿತು. ಎತ್ತಬೇಕಾದ ಕಾಲನ್ನು ಎಲ್ಲಿಗೆ ಎತ್ತಬೇಕೆಂದು ತಿಳಿಯದೆ ಆಕಾಶಕ್ಕೆ ಎತ್ತಿ, ತೂರಾಡಿ ಇಳಿಸಿತು. ‘ಕುಂಯ್’ ಎಂದಿತು. ಬೀದಿಯ ಎರಡೂ ತುದಿಗೆ ಕಣ್ಣು ಹಾಯಿಸಿ, ಕಾದು, ಮತ್ತೆ ಮೂಸಿತು.

ಹಿಂದೆ ಬಂದ ಹೆಂಡತಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ಕೌಂಟರಿನ ಕಂಠದಲ್ಲಿ ಹೇಳಿದಳು: “ಪ್ಲಾಟ್‌ಫಾರ್ಮ್ ಇದೆ. ಗಾಡಿ ಇಲ್ಲ.”

ಗ್ರಂಥಪಾಲಕರ ಮುಖ ಕಪ್ಪಿಟ್ಟಿತು.

ಏಕೆಂದರೆ ಆ ಜಾಗದಲ್ಲಿ ಮೂರು ದಿನದ ಹಿಂದಿನವರೆಗೂ ಪಕ್ಕದ ಮನೆಯ ಗಡಿಯಾರ ರಿಪೇರಿಯವರ ಕೆಂಪು ಸ್ಕೂಟರ್ ನಿಲ್ಲುತ್ತಿತ್ತು. ‘ನಿಮ್ಮ ನಾಯಿ ದಿನಾ ನನ್ನ ಹಿಂದಿನ ಚಕ್ರ ನೆನೆಸ್ತಾ ಇದೆ’ ಎಂದು ಅವರು ತಿಂಗಳುಗಟ್ಟಲೆ ದೂರಿದ್ದರು. ಗ್ರಂಥಪಾಲಕರು ತಿಂಗಳುಗಟ್ಟಲೆ ನಿರಾಕರಿಸಿದ್ದರು. ಮೂರು ದಿನದ ಹಿಂದಂತೂ ಅಧಿಕೃತವಾಗಿ ಒಂದು ಪತ್ರವನ್ನೇ ಬರೆದು ಗೇಟಿಗೆ ಸಿಕ್ಕಿಸಿ ಬಂದಿದ್ದರು. ಅವತ್ತು ಸಂಜೆಯೇ ಸ್ಕೂಟರ್ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿತ್ತು. ಅಂದಿನಿಂದ ಗುಮಾಸ್ತ ಅಲ್ಲೆರಡು ಇಲ್ಲೆರಡು ಹನಿ ಬಿಟ್ಟುಕೊಂಡು ಅಲೆಯುತ್ತಿದ್ದ!

“ಹೋಗಿ ಕೇಳಿ,” ಎಂದಳು ಹೆಂಡತಿ.

“ನಾನಾ?”

“ಪತ್ರ ಬರೆದೋರು ನೀವು.”

ಗಡಿಯಾರ ರಿಪೇರಿಯವರ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಗೋಡೆಯ ತುಂಬ ಐವತ್ತು ಗಡಿಯಾರಗಳು ಟಿಕ್‌ಟಿಕ್ ಎನ್ನುತ್ತಿದ್ದವು. ಒಳಗೆಲ್ಲೋ ನಲ್ಲಿ ತೊಟ್‌ತೊಟ್ ಎನ್ನುತ್ತಿತ್ತು. ಆ ಎರಡು ಸದ್ದು ಕಿವಿಗೆ ಬಿದ್ದೊಡನೆ ಬೆಳಗಿನ ನಾಲ್ಕು ಲೋಟ ನೀರು ಒಮ್ಮೆಗೇ ಜ್ಞಾಪಕಕ್ಕೆ ಬಂದು, ಗ್ರಂಥಪಾಲಕರು ಕಾಲಿಗೆ ಕಾಲು ಹೆಣೆದುಕೊಂಡು ನಿಂತರು. ಕೈಯಲ್ಲಿ ಆರಡಿಯ ಸೌಟು ನೆಟ್ಟಗೆ ನಿಂತಿತ್ತು.

ರಿಪೇರಿಯವರು ಒಂದು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ತಲೆಯೆತ್ತಿದರು. “ಏನ್ ಸಾರ್, ಯುದ್ಧಕ್ಕೆ ಬಂದ್ರಾ?”

“ಇಲ್ಲ... ನಿಮ್ಮ ಸ್ಕೂಟರ್ ಸ್ವಲ್ಪ ಹೊರಗೆ ನಿಲ್ಲಿಸೋಕಾಗುತ್ತಾ ಅಂತ...”

“ಯಾಕೆ?”

“ಹೀಗೇ. ಗಾಳಿ ಬೆಳಕು ಆಡಲಿ ಅಂತ.”

ರಿಪೇರಿಯವರು ಮೇಜಿನ ಡ್ರಾಯರ್ ಎಳೆದು ಒಂದು ಕಾಗದ ತೆಗೆದರು. ಗಂಟಲು ಸರಿಮಾಡಿಕೊಂಡು ಓದಿದರು: “‘ಮಾನ್ಯರೇ, ತಮ್ಮ ದೂರನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ನಮ್ಮ ನಾಯಿಯು ಪುಸ್ತಕಗಳ ನಡುವೆ ಬೆಳೆದ ಸುಸಂಸ್ಕೃತ ಪ್ರಾಣಿಯಾಗಿರುತ್ತದೆ. ತಮ್ಮ ವಾಹನದ ಹಿಂಚಕ್ರದಲ್ಲಿ ಕಂಡುಬಂದಿದೆಯೆನ್ನಲಾದ ತೇವಾಂಶಕ್ಕೆ ಮುಂಜಾನೆಯ ಇಬ್ಬನಿಯೇ ಕಾರಣವಿರಬಹುದು. ತಾವು ಸಾಕ್ಷ್ಯ ಒದಗಿಸಿದಲ್ಲಿ ಮರುಪರಿಶೀಲಿಸಲಾಗುವುದು.’”

ಕಾಗದ ಮಡಿಸಿ, ಸೌಟನ್ನು ಬುಡದಿಂದ ತುದಿಯವರೆಗೆ ನೋಡಿದರು. “ಈಗೇನು, ಇಬ್ಬನಿ ಹಿಡಿಯೋಕೆ ಬಂದ್ರಾ ಸಾರ್?”

ಹೊರಗಡೆ ಗುಮಾಸ್ತ ಮತ್ತೊಮ್ಮೆ ‘ಕುಂಯ್’ ಎಂದ.

“ಅದು ಇಬ್ಬನಿ ಅಲ್ಲ,” ಎಂದರು ಗ್ರಂಥಪಾಲಕರು. “ನಮ್ಮ ಗುಮಾಸ್ತನೇ. ನನಗೆ ಮೊದಲಿಂದ ಗೊತ್ತಿತ್ತು. ಈಗ ಅವನಿಗೆ ರಕ್ತ ಹೋಗ್ತಾ ಇದೆ. ಬೆಳಗ್ಗೆಯಿಂದ ಒಂದು ಹನಿ ಬಂದಿಲ್ಲ. ನಿಮ್ಮ ಚಕ್ರ ಒಂದನ್ನ ಬಿಟ್ಟು ಅವನಿಗೆ ಬೇರೇನೂ ಒಗ್ಗಲ್ಲ.”

ರಿಪೇರಿಯವರು ಭೂತಗನ್ನಡಿ ತೆಗೆದು ಕಿಟಕಿಯಾಚೆ ನೋಡಿದರು. ಖಾಲಿ ಜಾಗದಲ್ಲಿ ನಿಂತಿದ್ದ ನಾಯಿಯ ಹಿಂಗಾಲು ಸಣ್ಣಗೆ ನಡುಗುತ್ತಿತ್ತು.

“ಇದನ್ನ ಮೊದಲೇ ಹೇಳಬಾರದಾ ಸಾರ್!” ಎಂದವರೇ ಒಳಗೆ ಓಡಿ ಸ್ಕೂಟರ್ ತಳ್ಳಿಕೊಂಡು ಬಂದರು. ಸಾಧಾರಣ ತಳ್ಳಾಟವಲ್ಲ. ಹಿಂದೆ ಎಲ್ಲಿ ನಿಲ್ಲುತ್ತಿತ್ತೋ ಅದೇ ಗುರುತಿಗೆ, ಅದೇ ಓರೆಗೆ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ, ಗಡಿಯಾರದ ಮುಳ್ಳು ಕೂರಿಸುವವರ ಕೈಯಿಂದ ಆದ ಕೆಲಸ ಅದು.

ಸೌಟು ಕಟ್ಟಿದ ಸರಳು, ಹೊರಗೆ ಬಂದ ಸ್ಕೂಟರ್, ಮಾತಾಡುತ್ತಿರುವ ಎರಡು ಶತ್ರುಮನೆಗಳು. ಇಷ್ಟು ಸಾಲದೇ ಬೀದಿಗೆ? ಎದುರಿನ ಇಸ್ತ್ರಿ ಅಂಗಡಿಯವರು ಪೆಟ್ಟಿಗೆ ನಿಲ್ಲಿಸಿ ಬಂದರು. ಅತ್ತೆ ಒದ್ದೆ ಕೈಯಲ್ಲೇ ಬಂದರು. ದಾರಿಹೋಕರು ಇಬ್ಬರು ನಿಂತರು. ಪುಸ್ತಕ ಬಿಡುಗಡೆಗೆ ಎಂದೂ ಸೇರದಷ್ಟು ಜನ ಗುಮಾಸ್ತನ ಬಿಡುಗಡೆಗೆ ಸೇರಿದರು!

ಗುಮಾಸ್ತ ಚಕ್ರವನ್ನು ಕಂಡ. ಬಾಲ ಅಲ್ಲಾಡಿತು. ಮೂಸಿ, ಕಾಲೆತ್ತಿದ. ಇಡೀ ಬೀದಿ ಉಸಿರು ಹಿಡಿಯಿತು. ಗುಮಾಸ್ತ ಕಾಲೆತ್ತಿಕೊಂಡೇ ಒಂದೊಂದು ಮುಖವನ್ನೂ ನೋಡಿದ. ಕಾಲು ಇಳಿಸಿದ.

“ಎಲ್ಲರೂ ಆ ಕಡೆ ತಿರುಗಿ!” ಎಂದರು ರಿಪೇರಿಯವರು. “ಇಷ್ಟು ಜನ ನೋಡ್ತಾ ನಿಂತರೆ ಯಾರಿಗೆ ತಾನೇ ಬರುತ್ತೆ?”

ಎಲ್ಲರೂ ತಿರುಗಿದರು. ಎರಡು ಮನೆಯವರು, ಇಸ್ತ್ರಿಯವರು, ದಾರಿಹೋಕರು, ಎಲ್ಲರೂ ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತರು. ಗ್ರಂಥಪಾಲಕರೂ ಬೆನ್ನು ತಿರುಗಿಸಿ, ಸರಳನ್ನು ಕಂಕುಳಡಿಯಿಂದ ಹಿಂದಕ್ಕೆ ಚಾಚಿ, ಅಂದಾಜಿನ ಮೇಲೆ ಸೌಟು ಹಿಡಿದರು. ಹಿಂದೆ ಯಾವುದೋ ಗಾಡಿ ಬಂದು ನಿಂತು, ಎರಡು ಸಲ ಹಾರ್ನ್ ಮಾಡಿ, ಯಾರೂ ತಿರುಗದ್ದನ್ನು ಕಂಡು ಹೊರಟುಹೋಯಿತು. ಅಂಚೆಯವರು ಸೈಕಲ್ಲಿನಲ್ಲಿ ಬಂದರು. ಸಾಲನ್ನು ಕಂಡು ಗಾಬರಿಯಿಂದ ಇಳಿದು, ಟೋಪಿ ತೆಗೆದು, ತಾವೂ ಗೋಡೆಗೆ ಮುಖ ಮಾಡಿ ನಿಂತು ಪಕ್ಕದ ಇಸ್ತ್ರಿಯವರ ಕಿವಿಯಲ್ಲಿ ಕೇಳಿದರು: “ಮೌನಾಚರಣೆನಾ? ಯಾರು ಹೋದ್ರು?”

“ಇನ್ನೂ ಹೋಗಿಲ್ಲ,” ಎಂದರು ಇಸ್ತ್ರಿಯವರು. “ಹೋಗಲಿ ಅಂತಾನೇ ಕಾಯ್ತಾ ಇದ್ದೀವಿ.”

“ಅಯ್ಯೋ ಪಾಪಿಗಳಾ!” ಎಂದು ಅಂಚೆಯವರು ಹೌಹಾರಿದರು. ಸಾಲಿನಲ್ಲಿ ಕಿಸಕ್ಕೆಂದು ನಗು ಹೊಮ್ಮಿತು. ಇಸ್ತ್ರಿಯವರ ಹೊಟ್ಟೆ ಕುಣಿಯಿತು. ರಿಪೇರಿಯವರ ಹೆಗಲು ಕುಣಿಯಿತು. ಇದು ಹೀಗೇ ಮುಂದುವರಿದರೆ ಎಲ್ಲ ಕೆಟ್ಟಿತೆಂದು ಗ್ರಂಥಪಾಲಕರು ಮೂವತ್ತು ವರ್ಷದ ಅಭ್ಯಾಸಬಲದಿಂದ, ಹಲ್ಲು ಕಚ್ಚಿ, ಗ್ರಂಥಾಲಯವೇ ನಡುಗುವಂಥ ಆ ತಮ್ಮ ಪ್ರಸಿದ್ಧ ಸದ್ದನ್ನು ಹೊರಡಿಸಿದರು:

“ಶ್‌ಶ್‌ಶ್!”

ಬೀದಿ ನಿಶ್ಶಬ್ದವಾಯಿತು. ಮರುಕ್ಷಣ ಹಿಂದಿನಿಂದ ‘ಟಣ್... ಟಣ್... ಟಣಟಣಟಣ...’ ಎಂದು ಸ್ಟೀಲಿನ ಸದ್ದು! ಇಷ್ಟು ವರ್ಷ ನೂರಾರು ಜನರ ಬಾಯಿ ಕಟ್ಟಿದ ಆ ‘ಶ್’ ಇವತ್ತು ಬೇರೊಂದರ ಕಟ್ಟು ಬಿಚ್ಚಿತ್ತು.

“ನನ್ನ ಮೊಮ್ಮಕ್ಕಳಿಗೆಲ್ಲ ಹೀಗೇ ಮಾಡಿಸ್ತಾ ಇದ್ದಿದ್ದು!” ಎಂದರು ಅತ್ತೆ, ಗೋಡೆ ನೋಡುತ್ತಲೇ, ಸಂತೋಷದಿಂದ. “ಅಳಿಯಂದ್ರು ಇಷ್ಟು ವರ್ಷಕ್ಕೆ ಅದನ್ನ ಸರಿಯಾದ ಕೆಲಸಕ್ಕೆ ಉಪಯೋಗಿಸಿದ್ರು!”

ಗ್ರಂಥಪಾಲಕರಿಗೆ ನಗಲು ಆಗಲಿಲ್ಲ. ಆ ‘ಶ್’ ಅವರ ಸ್ವಂತ ನಾಲ್ಕು ಲೋಟಗಳಿಗೂ ಕೇಳಿಸಿಬಿಟ್ಟಿತ್ತು. ಕಾಲಿಗೆ ಕಾಲು ಇನ್ನೊಂದು ಸುತ್ತು ಹೆಣೆದುಕೊಂಡು, ಮುಷ್ಟಿ ಬಿಗಿದು, ಅವರು ಸೌಟನ್ನು ಅಲ್ಲಾಡದಂತೆ ಹಿಡಿದರು. ಸದ್ದು ಬಿಟ್ಟು ಬಿಟ್ಟು ಬಂತು, ನಿಂತಿತು. ತಿರುಗಿ ನೋಡಿದರೆ ಸೌಟಿನಲ್ಲಿ ಮೂರು ಚಮಚದಷ್ಟು, ತಿಳಿ ಗುಲಾಬಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಚೆಯವರು ಏನೆಂದು ಅರ್ಥವಾಗದೆಯೂ ತಟ್ಟಿದರು. ಹೆಂಡತಿಯ ಕಣ್ಣಲ್ಲಿ ನೀರಿತ್ತು. “ಕಟ್ಟಿಲ್ಲ. ಬರ್ತಾ ಇದೆ,” ಎಂದಳು.

ಬಾಟಲಿ ತುಂಬಿ ಮುಚ್ಚಳ ಬಿಗಿದಾಗ ಹತ್ತು ನಲವತ್ತು. “ಟ್ಯಾಕ್ಸಿ ಎಲ್ಲಿ?” ಎಂದರು ಗ್ರಂಥಪಾಲಕರು.

“ಬಂತು. ಹೋಯ್ತು,” ಎಂದಳು ಹೆಂಡತಿ. ಹಾರ್ನ್ ಮಾಡಿದ್ದು ಅದೇ! ಏಳೆಂಟು ಜನ ಗೋಡೆಗೆ ಮುಖ ಮಾಡಿ ನಿಂತ ಬೀದಿಯಲ್ಲಿ ಯಾವ ಚಾಲಕ ತಾನೇ ಕಾದಾನು?

ಆಗ ರಿಪೇರಿಯವರು ಸ್ಕೂಟರಿನ ಹಿಂದಿನ ಚಕ್ರವನ್ನು ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, “ಹತ್ತಿ ಸಾರ್,” ಎಂದರು. ಗ್ರಂಥಪಾಲಕರು ಹತ್ತಿದರು. ತೊಡೆಯ ಮೇಲೆ ಗುಮಾಸ್ತ, ಅಂಗಿಯ ಜೇಬಿನಲ್ಲಿ ಬಾಟಲಿ. ಗಡಿಬಿಡಿಯಲ್ಲಿ ಸೌಟನ್ನು ಸರಳಿನಿಂದ ಬಿಚ್ಚಿದ್ದರೇ ಹೊರತು ಕೈಯಿಂದ ಬಿಟ್ಟಿರಲಿಲ್ಲ. ಹೆಂಡತಿ, “ಮುಂದಿನ ಬಸ್ಸಿಗೆ ಬರ್ತೀನಿ,” ಎಂದು ಕೂಗಿದ್ದು ಗಾಳಿಯಲ್ಲಿ ತೇಲಿತು.

ಆ ದಾರಿಯಲ್ಲಿ ಒಂಬತ್ತು ಉಬ್ಬುಗಳಿದ್ದವು. ಅವು ಒಂಬತ್ತೇ ಎಂದು ಗ್ರಂಥಪಾಲಕರು ಯಾವ ನ್ಯಾಯಾಲಯದಲ್ಲಿ ಬೇಕಾದರೂ ಹೇಳಬಲ್ಲರು. ಒಂದೊಂದು ಉಬ್ಬಿಗೂ ಗುಮಾಸ್ತನ ಹನ್ನೆರಡು ಕಿಲೋ ಭಾರ ಅವರ ಕಿಬ್ಬೊಟ್ಟೆಯ ಮೇಲೆ ಎದ್ದು ಬೀಳುತ್ತಿತ್ತು. “ಸ್ವಲ್ಪ ನಿಧಾನ!” ಎಂದರು ಮೂರನೆಯದಕ್ಕೆ. “ಸ್ವಲ್ಪ ಬೇಗ!” ಎಂದರು ಆರನೆಯದಕ್ಕೆ. “ಏನಾದರೂ ಮಾಡಿ!” ಎಂದರು ಒಂಬತ್ತನೆಯದಕ್ಕೆ.

ಆಸ್ಪತ್ರೆಯ ಮುಂದೆ ಸ್ಕೂಟರ್ ನಿಂತದ್ದೇ ತಡ, ನಾಯಿಯನ್ನೂ ಬಾಟಲಿಯನ್ನೂ ರಿಪೇರಿಯವರ ಕೈಗೆ ತುರುಕಿ, ಎದುರಿಗೆ ಸಿಕ್ಕ ಕಾಂಪೌಂಡರನ್ನು, “ಎಲ್ಲಿ? ಎಲ್ಲಿ?” ಎಂದು ಕೇಳಿದರು. ಕಾಂಪೌಂಡರಿಗೆ ಮುಖ ನೋಡಿಯೇ ಗೊತ್ತಾಯಿತು. “ಕಾರಿಡಾರ್ ಕೊನೇಲಿ, ಬಲಕ್ಕೆ,” ಎಂದ. ನಾಡಿನ ಸಮಸ್ತ ಗ್ರಂಥಪಾಲಕರ ಘನತೆಯನ್ನೂ ಗಾಳಿಗೆ ತೂರಿ ಅವರು ಓಡಿದರು.

ತುಂಬ ಹೊತ್ತಾದ ಮೇಲೆ, ಹೊಸ ಮನುಷ್ಯರಾಗಿ, ಹಗುರವಾಗಿ, ಅವರು ವೈದ್ಯೆಯ ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಮೇಜಿನ ಮೇಲೆ ಗುಮಾಸ್ತ ನಿಂತಿದ್ದ. ವೈದ್ಯೆಯ ಕೈ ಅವನ ಹೊಟ್ಟೆಯ ಮೇಲಿತ್ತು. ರಿಪೇರಿಯವರು ಸ್ಕೂಟರಿನ ಸೀಟಿನ ಕೆಳಗಿನ ಡಬ್ಬಿಯಿಂದ ತಂದ ಒಂದು ಚಿಕ್ಕ ನೋಟ್‌ಪುಸ್ತಕ ಹಿಡಿದು ಓದುತ್ತಿದ್ದರು.

“ಎರಡು ತಿಂಗಳ ಹಿಂದಿನಿಂದ ಲೆಕ್ಕ ಇದೆ ಡಾಕ್ಟ್ರೇ. ಆ ತಿಂಗಳೆಲ್ಲ ದಿನಕ್ಕೆ ಎರಡೇ ಸಲ. ಬೆಳಗ್ಗೆ ಆರು ಹತ್ತು, ಸಂಜೆ ಐದು ನಲವತ್ತು. ಪ್ರತಿ ಸಲ ಏಳು ಸೆಕೆಂಡು. ಹದಿನೆಂಟು ದಿನದ ಹಿಂದೆ ಮೂರು ಸಲ ಆಯ್ತು. ಆಮೇಲೆ ದಿನಕ್ಕೆ ಆರು ಸಲ. ಒಂದೊಂದು ಸಲ ಇಪ್ಪತ್ತೈದು, ಮೂವತ್ತು ಸೆಕೆಂಡು ನಿಲ್ತಿತ್ತು, ಬರ್ತಿದ್ದಿದ್ದು ಹನಿ ಹನಿ. ಸೋಮವಾರ ಕಾಲೆತ್ತಿ ಸುಮ್ಮನೆ ನಿಂತಿತ್ತು, ಏನೂ ಬರಲಿಲ್ಲ. ಬುಧವಾರದಿಂದ ಮಾಹಿತಿ ಇಲ್ಲ. ಗಾಡಿ ಒಳಗಿಟ್ಟುಬಿಟ್ಟೆ.” ಅವರ ದನಿ ಸಣ್ಣದಾಯಿತು. “ಅದರಿಂದ ಏನಾದರೂ ಹೆಚ್ಚಾಯ್ತಾ ಡಾಕ್ಟ್ರೇ?”

“ಇಲ್ಲ ಇಲ್ಲ. ಸೋಂಕು ಆಗಿದೆ, ಸಣ್ಣ ಮರಳು ಸೇರಿದೆ. ಕಲ್ಲಾಗಿಲ್ಲ. ಹತ್ತು ದಿನ ಮಾತ್ರೆ, ಚೆನ್ನಾಗಿ ನೀರು, ಪಥ್ಯದ ಆಹಾರ. ಸರಿಹೋಗ್ತಾನೆ.”

ಬಾಗಿಲಲ್ಲಿ ನಿಂತ ಗ್ರಂಥಪಾಲಕರು ಚೌಕಟ್ಟಿಗೆ ಒರಗಿಕೊಂಡರು. ಸರಿಹೋಗ್ತಾನೆ! ಅದರ ಬೆನ್ನಿಗೇ ಇನ್ನೊಂದು ಮಾತು ಒಳಗಿನಿಂದ ಕುಟುಕಿತು: ಹದಿನೆಂಟು ದಿನ. ಅವರ ಮನೆಯ ನಾಯಿ ಹದಿನೆಂಟು ದಿನ ನರಳಿದ್ದನ್ನು ಒಬ್ಬರು ಸೆಕೆಂಡು ಲೆಕ್ಕದಲ್ಲಿ ಬರೆದಿಟ್ಟಿದ್ದರು, ಅದನ್ನು ಹೇಳಲು ಗೇಟಿನವರೆಗೂ ಬಂದಿದ್ದರು. ಆಗ ತಾವು ಇಬ್ಬನಿಯ ವಿಷಯ ಬರೆಯುತ್ತ ಕೂತಿದ್ದರು.

ವೈದ್ಯೆ ನೋಟ್‌ಪುಸ್ತಕವನ್ನು ಕೈಗೆ ತೆಗೆದುಕೊಂಡು ಹಾಳೆ ತಿರುವಿದರು. “ಸ್ಯಾಂಪಲ್ ಇಲ್ಲದಿದ್ದರೂ ನಡೀತಿತ್ತು, ನಾವೇ ನಳಿಗೆ ಹಾಕಿ ಎರಡು ನಿಮಿಷದಲ್ಲಿ ತೆಗೀತೀವಿ. ಆದರೆ ಇಂಥ ದಾಖಲೆ ಎಲ್ಲಿ ಸಿಗುತ್ತೆ? ಇಷ್ಟು ವರ್ಷದಲ್ಲಿ ನಾಯಿ ಸಾಕಿದವರು ಯಾರೂ ಹೀಗೆ ಬರೆದು ತಂದಿದ್ದನ್ನ ನಾನು ನೋಡಿಲ್ಲ. ಎಷ್ಟು ಪ್ರೀತಿಯಿಂದ ಗಮನಿಸಿದ್ದೀರಿ!”

ರಿಪೇರಿಯವರು ತಬ್ಬಿಬ್ಬಾದರು. “ಅಯ್ಯೋ ಡಾಕ್ಟ್ರೇ, ನಾನು ಸಾಕಿದವನಲ್ಲ...” ಎನ್ನುವಷ್ಟರಲ್ಲಿ ವೈದ್ಯೆಯ ಕಣ್ಣು ಬಾಗಿಲ ಕಡೆ ಹೊರಳಿತು. ಅಲ್ಲಿ ಕೆದರಿದ ತಲೆಯ, ಮೊಣಕಾಲಿಗೆ ಮಣ್ಣು ಮೆತ್ತಿದ, ಹೆಗಲಲ್ಲಿ ಗೋಡೆಯ ಗಾರೆ ಅಂಟಿದ, ಕೈಯಲ್ಲಿ ಅಡುಗೆಯ ಸೌಟು ಹಿಡಿದ ಒಬ್ಬ ದೊಡ್ಡ ಮನುಷ್ಯ ನಿಂತಿದ್ದ.

“ಮತ್ತೆ ಇವರು ಯಾರು?”

ರಿಪೇರಿಯವರು ಗ್ರಂಥಪಾಲಕರ ಮುಖ ನೋಡಿದರು. ಗ್ರಂಥಪಾಲಕರು ನೋಟ್‌ಪುಸ್ತಕ ನೋಡಿದರು. ಆಮೇಲೆ ಸೌಟನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡು, ಗ್ರಂಥಾಲಯದಲ್ಲಿ ಮಾತಾಡುವಷ್ಟೇ ಸಣ್ಣ ದನಿಯಲ್ಲಿ ಹೇಳಿದರು:

“ನಾನು... ಇವರ ಪಕ್ಕದ ಮನೆಯವನು ಡಾಕ್ಟ್ರೇ.”

“ಓ, ಒಳ್ಳೇದು,” ಎಂದರು ವೈದ್ಯೆ, ಮಾತ್ರೆಯ ಚೀಟಿ ಬರೆಯುತ್ತಾ. “ನೀವೂ ಯಾವತ್ತಾದರೂ ನಾಯಿ ಸಾಕೋದಾದ್ರೆ, ಮೊದಲು ಇವರ ಹತ್ತಿರ ಸ್ವಲ್ಪ ಕಲ್ತುಕೊಳ್ಳಿ.”